ಹಗ್ಗ ಹಿಡಿದವನ ಗಮನ

“ಗುರುಗಳೇ, ಮನುಷ್ಯನ ಗಮನವನ್ನು ಅಳೆಯಲು ಬರುತ್ತದೆಯೇ?” ಎಂದು ಶಿಷ್ಯ ಚೆನ್ನವೀರ ಕೇಳಿದ. ಧ್ಯಾನಕ್ಕೆ ಕೂತಾಗಲೆಲ್ಲ, ಮನಸ್ಸು ನಿಂತಿದೆಯೋ ಇಲ್ಲವೋ ಎಂಬ ದಿಗಿಲು ಅವನನ್ನು ಕಾಡುತ್ತಿತ್ತು.

“ಧಾರಾಳವಾಗಿ ಬರುತ್ತದೆ. ಒಬ್ಬ ಅಳೆದೇ ಅಳೆದ, ಕೇಳು” ಎಂದು ಗುರುಗಳು ಕತೆ ಹೇಳಿದರು.

ಬಂಡೆಯ ಜೇನು ಕೀಳುವವನೊಬ್ಬನಿದ್ದ. ಅವರಲ್ಲಿ ಒಂದು ಕಟ್ಟಳೆ. ಬಂಡೆಯ ನೆತ್ತಿಯಲ್ಲಿ ಕೂತು ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕು. ಅಕ್ಕ ವಿಧವೆಯಾಗಲು ಯಾವ ತಮ್ಮ ತಾನೇ ಬಿಟ್ಟಾನು? ಹತ್ತು ವರ್ಷ ಭಾವಮೈದುನ ಹಗ್ಗ ಹಿಡಿದ, ಇವನು ನಿಶ್ಚಿಂತೆಯಿಂದ ಇಳಿದ. ಹನ್ನೊಂದನೆಯ ವರ್ಷ ಭಾವಮೈದುನ ಜ್ವರ ಬಂದು ತೀರಿಕೊಂಡ. ಹೊರಗಿನವನನ್ನು ನೆಚ್ಚುವುದು ಹೇಗೆಂದು ಇವನಿಗೆ ಭಯ ಹತ್ತಿತು.

ಪರೀಕ್ಷೆ ಮಾಡಿಯೇ ಆರಿಸಿದರಾಯಿತು ಎಂದುಕೊಂಡ. ಹಗ್ಗ ಹಿಡಿಯಲು ಬಂದವರ ಕೈಗೆ ದಾರದ ತುದಿ ಕೊಟ್ಟು, ಜಗ್ಗಿದೊಡನೆ ಕೂಗಬೇಕೆಂದು ಹೇಳಿ, ಇನ್ನೊಂದು ತುದಿ ಹಿಡಿದು ತಾನು ಗೋಡೆಯ ಆಚೆ ಕೂತ. ಗಮನ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಲು ಬೆಳಗಿನಿಂದ ಸಂಜೆಯೊಳಗೆ ಏಳೇ ಸಲ ಜಗ್ಗಿದ. ಗದ್ದಲದಲ್ಲಿ ಚೆದುರುತ್ತದೆಯೇ ಎಂದು ಪಕ್ಕದಲ್ಲಿ ಡೋಲು ಹೊಡೆಸಿ ಜಗ್ಗಿದ. ಎರಡು ಕೈಗೂ ದಾರ ಕೊಟ್ಟು, ಎರಡೂ ಕಡೆ ಗಮನ ಇರುತ್ತದೆಯೇ ಎಂದು ನೋಡಿದ. ಒಬ್ಬ ನೇಕಾರ ಮಾತ್ರ ಒಂದು ಸಲವೂ ತಪ್ಪಲಿಲ್ಲ.

“ಇನ್ನೂ ಅನುಮಾನವೇ ಅಣ್ಣಾ?” ಎಂದ ನೇಕಾರ.

“ಅನುಮಾನ ಅಲ್ಲಪ್ಪ, ಭಯ. ನಾನು ಜಗ್ಗಿದಾಗ ನೀನೂ ಒಂದು ಸಲ ಜಗ್ಗು. ಎಚ್ಚರ ಇದ್ದೀಯ ಅಂತ ನನಗೆ ತಿಳಿಯಲಿ.”

ನೇಕಾರನನ್ನು ಬಂಡೆಯ ನೆತ್ತಿಯಲ್ಲಿ ಕೂರಿಸಿ, ತನ್ನ ಸೊಂಟಕ್ಕೆ ಹಗ್ಗ ಬಿಗಿದು, ಕೈಯಲ್ಲಿ ಹೊಗೆಯಾಡುವ ಸೊಪ್ಪಿನ ಸೂಡಿ ಹಿಡಿದು ಇಳಿದ. ಇಣುಕಿದರೆ ತಲೆ ತಿರುಗುವ ಆಳ. ಜಗ್ಗಿದ; ಉತ್ತರ ಬಂತು. ಮರುಗಳಿಗೆಯೇ, ಆಗ ಎಚ್ಚರವಿದ್ದ, ಈಗ? ಎನ್ನಿಸಿತು. ಮತ್ತೆ ಜಗ್ಗಿದ, ಮತ್ತೆ ಬಂತು. ಈಗ? ಮತ್ತೆ ಜಗ್ಗಿದ. ಜೇನು ಮುಖಕ್ಕೆ ಮುತ್ತಿದರೂ ಮನಸ್ಸೆಲ್ಲ ಸೊಂಟದಲ್ಲೇ ನಿಂತು, ಮೇಲಿನಿಂದ ಬರುವ ಉತ್ತರಕ್ಕೆ ಕಾಯುತ್ತಿತ್ತು. ಸೂಡಿ ವಾಲಿ, ಅದರ ಕೆಂಡ ಹಗ್ಗಕ್ಕೆ ತಾಗಿದ್ದು ಅವನಿಗೆ ತಿಳಿಯಲೇ ಇಲ್ಲ.

ಕೊನೆಯ ಸಲ ಜಗ್ಗಿದಾಗಲೂ ಉತ್ತರ ತಡವಾಗಲಿಲ್ಲ. ಅದರ ಬೆನ್ನಿಗೇ ಹಗ್ಗ ಹರಿಯಿತು. ಭಾರ ತಪ್ಪಿದ್ದು ನೇಕಾರನಿಗೆ ಆ ಕ್ಷಣವೇ ಗೊತ್ತಾಯಿತು.

ಚೆನ್ನವೀರ ಕೇಳಿದ: “ಹಾಗಾದರೆ ಅವನ ಅಳತೆ ತಪ್ಪಾಗಿತ್ತೇ ಗುರುಗಳೇ?”

“ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಅಳೆಯುವುದಕ್ಕೆ ಖರ್ಚಾದದ್ದು ಮಾತ್ರ ಅವನದೇ ಗಮನ.”