ನಕ್ಷೆಯಿಂದ ಕಿತ್ತ ಗುಂಡುಸೂಜಿಗಳು

ವಾಂತಿಭೇದಿ ಬಂದ ಒಂದೊಂದು ಮನೆಗೂ ಊರಿನ ನಕ್ಷೆಯಲ್ಲಿ ಒಂದೊಂದು ಗುಂಡುಸೂಜಿ ಚುಚ್ಚುವುದು ಪುರಸಭೆಯ ಗುಮಾಸ್ತ ಫಕೀರಪ್ಪನ ಕೆಲಸ. ಸೂಜಿಗಳೆಲ್ಲ ಹೊಸ ನೀರಿನ ಟ್ಯಾಂಕನ್ನೇ ಮುತ್ತಿಕೊಂಡಿದ್ದವು.

ಟ್ಯಾಂಕು ಕಟ್ಟಿಸಿದವರು ಪುರಸಭೆಯ ಮುಖ್ಯಾಧಿಕಾರಿ ಸಾಹೇಬರೇ. "ನಾಳೆ ಜಿಲ್ಲಾ ಕಚೇರಿಯಿಂದ ದೊಡ್ಡ ಮೇಡಮ್ ತಪಾಸಣೆಗೆ ಬರ್ತಾರೆ. ಟ್ಯಾಂಕಿನ ಸುತ್ತ ಒಂದು ಸೂಜಿಯೂ ಇರಕೂಡದು!" ಎಂದು ಗುಡುಗಿದರು.

ಫಕೀರಪ್ಪನ ತಂಗಿಯ ಮನೆಯ ಸೂಜಿಯೂ ಅಲ್ಲೇ ಇತ್ತು. ಫಕೀರಪ್ಪ "ಆತ್ರಿ ಸಾಹೇಬ್ರ" ಎಂದು ಎಲ್ಲವನ್ನೂ ಕಿತ್ತ. ಗೋಡೆಗೆ ಬಳಿದ ಸುಣ್ಣ ಇನ್ನೂ ಹಸಿಯೆಂದು ನಕ್ಷೆಯನ್ನು ಪೂರ್ವದ ಕಿಟಕಿಗೆ ತೂಗುಹಾಕಿದ.

ಬೆಳಿಗ್ಗೆ ಮೇಡಮ್ ಬಂದಾಗ ಸೂಜಿ ಕಿತ್ತ ತೂತುಗಳಲ್ಲೆಲ್ಲ ಬಿಸಿಲು ತೂರಿ, ಟ್ಯಾಂಕಿನ ಸುತ್ತ ದೀಪ ಹಚ್ಚಿಟ್ಟಂತಿತ್ತು.

"ಇವೇನು?"

"ಸಾಹೇಬ್ರು ನಕ್ಷೆಯಿಂದ ತೆಗಿಸಿದ ವಾಂತಿಭೇದಿ ಮನಿಗಳ್ರೀ ಮೇಡಮ್," ಎಂದ ಫಕೀರಪ್ಪ.

ಸಾಹೇಬರು ಕಿಟಕಿ ಮುಚ್ಚಲು ಓಡಿದರು.

"ಕಿಟಕಿ ಬಿಡಿ," ಎಂದರು ಮೇಡಮ್. "ಮೊದಲು ಟ್ಯಾಂಕು ಮುಚ್ಚಿಸಿ."