ಏಳನೆಯ ಸಾಲಿನಲ್ಲಿ ನಿಂತದ್ದು

ಪ್ರೋಗ್ರಾಮಿಂಗ್ ಕಲಿಸುವ ಸದಾಶಿವಯ್ಯನವರನ್ನು ಶಿಷ್ಯೆ ನೇತ್ರಾವತಿ ಕೇಳಿದಳು: "ಗುರುಗಳೇ, ಪಾಠದಲ್ಲಿ ಎಲ್ಲರೂ ತಲೆಯಾಡಿಸಿ ಮುಂದೆ ಹೋಗ್ತಾರೆ. ನಾನೊಬ್ಬಳೇ ಅರ್ಥ ಆಗಲಿಲ್ಲ ಅಂತ ನಿಲ್ಲಿಸ್ತೀನಿ. ನಿನ್ನೆ ಮೂರನೆಯ ಹಂತದಲ್ಲಿ ನಿಲ್ಲಿಸಿದ್ದಕ್ಕೆ ನಕ್ಕರು. ನಾಳೆಯಿಂದ ಬರೋದು ಬಿಟ್ಟುಬಿಡಲೇ?"

"ಬಿಡೋದು ಇದ್ದೇ ಇದೆ, ಮೊದಲು ಕೂತ್ಕೋ" ಎಂದು ಗುರು ಹೇಳತೊಡಗಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಆಸ್ಪತ್ರೆಯ ವೈದ್ಯರು ಟೈಪ್ ಮಾಡಿದ ಚೀಟಿಯನ್ನು ಓದಿ, ಔಷಧಿ ಕೊಡುವ ಕಿಟಕಿಗೆ ಲೇಬಲ್ ಕಳಿಸುವುದು ಅವನ ಪ್ರೋಗ್ರಾಮಿನ ಕೆಲಸ. ಚೀಟಿಯಲ್ಲಿ ಅಳತೆ ಬಿಟ್ಟುಹೋಗಿದ್ದರೆ ಅದು ಚಮಚ ಎಂದು ತಾನೇ ಹಾಕಿಕೊಳ್ಳುತ್ತಿತ್ತು. ಎಲ್ಲೂ ನಿಲ್ಲುವುದಿಲ್ಲ ಎಂದು ಅವನಿಗೆ ಭಾರಿ ಹೆಮ್ಮೆ. ಆದರೆ ದಿನಕ್ಕೊಂದು ಬಗೆಯ ಚೀಟಿ ಬಂದು, ತೇಪೆ ಹಚ್ಚಿ ಹಚ್ಚಿ ಸಾಕಾಯಿತು. ಕೊನೆಗೆ, ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ತಂದು ತನ್ನ ಪ್ರೋಗ್ರಾಮಿಗೆ ಸೇರಿಸಿಕೊಂಡ. ಚೀಟಿಯ ಪ್ರತಿ ಸಾಲು ಹೇಗಿರಬೇಕೆಂಬ ನಿಯಮಗಳನ್ನು ಬರೆದುಕೊಟ್ಟರೆ ಸಾಕು, ಅದರಂತೆ ಓದಿ ಬಿಡಿಸಿಕೊಡುವ ಲೈಬ್ರರಿ ಅದು.

ಮೊದಲ ದಿನವೇ ಅದು ನಿಂತಿತು. ಪರದೆಯ ಮೇಲೆ ಹೀಗೆ ಬಂತು: 'ಏಳನೆಯ ಸಾಲು. ಐದು ಎಂಬುದರ ಮುಂದೆ ಅಳತೆ ಇರಬೇಕಿತ್ತು, ಇಲ್ಲ.'

ಕಿಟಕಿಯ ಹೊರಗೆ ಜನರ ಕ್ಯೂ ಬೆಳೆಯಿತು. ಔಷಧಿ ಕೊಡುವಾಕೆ, "ನಿನ್ನ ಹಳೇದೇ ವಾಸಿ ಇತ್ತಲ್ಲಪ್ಪ" ಎಂದಳು. ಅವನಿಗೆ ತಲೆ ಎತ್ತಲಾಗಲಿಲ್ಲ. ಹಳೆಯದನ್ನೇ ಹಾಕಲು ಕುಳಿತ. ಅಷ್ಟರಲ್ಲಿ ಆಕೆ, ಜಾಗ ತೋರಿಸಿದೆಯಲ್ಲ, ಕೇಳಿಯೇಬಿಡೋಣ ಎಂದು ವೈದ್ಯರಿಗೆ ಫೋನ್ ಮಾಡಿದಳು.

ವೈದ್ಯರು ಚೀಟಿ ತೆಗೆದು ನೋಡಿದರು. "ಐದು ಹನಿ ಕಣಮ್ಮ. ಬರೆಯೋದು ಮರೆತೆ. ಮಗು ಹುಟ್ಟಿ ಇನ್ನೂ ಇಪ್ಪತ್ತು ದಿನ."

ಹಳೆಯದಿದ್ದರೆ ಲೇಬಲಿನ ಮೇಲೆ ಐದು ಚಮಚ ಎಂದು ಬಂದಿರುತ್ತಿತ್ತು. ಆ ಲೈಬ್ರರಿ ಬರೆದವರ ಮುಖ ಪ್ರೋಗ್ರಾಮರ್ ಕಂಡಿರಲಿಲ್ಲ, ಊರೂ ಗೊತ್ತಿರಲಿಲ್ಲ. ಆದರೂ ಅಲ್ಲೇ ಕೂತು ಅವರಿಗೊಂದು ಪತ್ರ ಬರೆದ: 'ನಿಮ್ಮಿಂದ ಒಂದು ಮಗು ಉಳಿಯಿತು. ನಿಮ್ಮ ಹೊಟ್ಟೆ ತಣ್ಣಗಿರಲಿ.'

ಗುರು ಕತೆ ನಿಲ್ಲಿಸಿದರು. ನೇತ್ರಾವತಿ, "ಅದು ಯಂತ್ರ ಗುರುಗಳೇ. ಅದನ್ನು ನೋಡಿ ಯಾರೂ ನಗಲ್ಲ" ಎಂದಳು.

ಸದಾಶಿವಯ್ಯನವರು ಎದ್ದು ನಿಂತು, ಅವಳಿಗೆ ಕೈಮುಗಿದರು.

"ನಿನ್ನೆ ಮೂರನೆಯ ಹಂತ ನಾನೇ ತಪ್ಪು ಹೇಳಿದ್ದೆ ತಾಯಿ, ಮೂವತ್ತು ಜನರಲ್ಲಿ ನೀನೊಬ್ಬಳೇ ನಿಂತೆ."