ಎರಡು ಕಡ್ಡಿ ಸಿಗ್ನಲ್

ಊರ ದಿಬ್ಬದ ಬಂಡೆಗೆ ಅದರ ಬುಡದಲ್ಲೇ ಹೂತಿದ್ದ ಹೊಸ ಇಂಟರ್‌ನೆಟ್ ಕೇಬಲ್ಲು ಹೇಳಿತು: “ಸಿಗ್ನಲ್ ಸಿಗುವುದು ನಿನ್ನ ನೆತ್ತಿಯ ಮೇಲೆ ಮಾತ್ರ ಎಂದು ಇಷ್ಟು ದಿನ ಮೆರೆದೆ. ನಾಳೆ ನನ್ನ ಉದ್ಘಾಟನೆ. ಇನ್ನು ನಿನ್ನನ್ನು ಹತ್ತುವವರು ಯಾರು?”

“ಒಳ್ಳೆಯದೇ ಆಯಿತು. ಫೋನಿನಲ್ಲಿ ಪಾಠ ಕೇಳಲು ಬರುವ ಮಕ್ಕಳು ಜಾರಿ ಮಂಡಿ ತರಚಿಕೊಳ್ಳುವುದಾದರೂ ತಪ್ಪಲಿ,” ಎಂದಿತು ಬಂಡೆ.

ಮರುದಿನ ಪಂಚಾಯಿತಿ ಕಚೇರಿಯಲ್ಲಿ, ತಾಲ್ಲೂಕಿನಿಂದ ಬಂದಿದ್ದ ಸಾಹೇಬರು ಟೇಪು ಕತ್ತರಿಸಿದರು. ಹಾರ, ಭಾಷಣ, ಫೋಟೊ ಎಲ್ಲ ಮುಗಿದ ಮೇಲೆ ದಿಬ್ಬಕ್ಕೆ ಬಂದು ಬೂಟು ಕಳಚಿ, ಏದುಸಿರು ಬಿಡುತ್ತ ಬಂಡೆ ಹತ್ತಿ, ಫೋನನ್ನು ಆಕಾಶಕ್ಕೆ ಹಿಡಿದರು.

“ಇನ್ನೊಂಚೂರು ಮೇಲೆ ಸಾರ್, ಅಲ್ಲಿ ಎರಡು ಕಡ್ಡಿ ಬರುತ್ತೆ,” ಎಂದು ಕಾರ್ಯದರ್ಶಿ ಚನ್ನಬಸಯ್ಯ ಕೆಳಗಿನಿಂದ ಕೂಗಿದರು.

“ಇವರಿಗೆ ಇಲ್ಲೇನು ಕೆಲಸ?” ಎಂದು ಕೇಬಲ್ಲು ಕೇಳಿತು.

“ನೀನು ಊರಿಗೆ ಬಂದೆಯಂತೆ,” ಎಂದಿತು ಬಂಡೆ. “ಆ ಫೋಟೊ ಮೇಲಿನವರಿಗೆ ಕಳಿಸುತ್ತಿದ್ದಾರೆ.”